ಬೂಚಿನ ಹಿಡಿಗೆ ವಾರ್ನಿಷ್ ಬೇಕೆ?

ಮನೆಯ ಅಟ್ಟ ಗುಡಿಸುವಾಗ ಸಿಕ್ಕ ವಸ್ತು ಅದು. ಮಾಸಿದ ಬಟ್ಟೆಯ ಚೀಲದೊಳಗೆ ಮೂರು ತುಂಡಾಗಿ ಮಲಗಿದ್ದ ಗಾಳದ ಕೋಲು. ನನ್ನ ಅಜ್ಜನದು. ಅಜ್ಜ ಕೊಡಗಿನ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ತೋಟದ ಇಂಗ್ಲಿಷ್ ಮ್ಯಾನೇಜರ್ ಊರಿಗೆ ಹಿಂದಿರುಗುವಾಗ ಅದನ್ನು ಅಜ್ಜನ ಕೈಗೆ ಕೊಟ್ಟು ಹೋಗಿದ್ದನಂತೆ. ಬಿದಿರಿನ ಸೀಳುಗಳನ್ನು ಅಂಟಿಸಿ ಮಾಡಿದ ನಯವಾದ ಕೋಲು. ಕೈ ಹಿಡಿಯುವ ಕಡೆ ಸೀಸೆಗೆ ಹಾಕುವ ಬೂಚಿನಂಥ ಮೆತ್ತನೆಯ ವಸ್ತುವಿನ ಹಿಡಿ. ಕೋಲು ಇನ್ನೂ ಹೊಂಬಣ್ಣಕ್ಕಿತ್ತು. ಹಿಡಿ ಮಾತ್ರ ಬೆವರು, ಎಣ್ಣೆ, ಮೀನಿನ ಲೋಳೆ ಕುಡಿದು ಕರ್ರಗಾಗಿತ್ತು. ಹೆಬ್ಬೆರಳು ಕೂರುವ ಜಾಗದಲ್ಲಿ ಒಂದು ಸಣ್ಣ ತಗ್ಗು ಬಿದ್ದಿತ್ತು.

ಅಜ್ಜ ತೀರಿಕೊಂಡು ಆರು ವರ್ಷ. ಕೋಲನ್ನು ಗೋಡೆಗೆ ತೂಗುಹಾಕೋಣ ಎಂದು ಚಿಕ್ಕಪ್ಪ ಹೇಳಿದರು. ಅದಕ್ಕೆ ಮೊದಲು ಹಿಡಿಗೆ ಒಂದಿಷ್ಟು ಕಳೆ ಕೊಡೋಣ ಎಂದು ನನಗೆ ಅನಿಸಿತು. ಬಾಗಿಲಿಗೆ ಹಚ್ಚಿ ಉಳಿದಿದ್ದ ವಾರ್ನಿಷ್ ಮನೆಯಲ್ಲೇ ಇತ್ತು. ಎರಡು ಕೋಟ್ ಬಳಿದೆ. ಹಿಡಿ ಕನ್ನಡಿಯಂತೆ ಹೊಳೆಯಿತು.

ತಿಂಗಳೊಳಗೆ ಆ ಹೊಳಪು ಸಿಪ್ಪೆಯಾಗಿ ಏಳತೊಡಗಿತು. ಅಜ್ಜನ ಜೊತೆ ಕಾವೇರಿ ದಂಡೆಯಲ್ಲಿ ಕೂತು ಗಾಳ ಹಾಕಿದ್ದ, ಈಗ ಎಂಬತ್ತು ದಾಟಿರುವ ಹಿರಿಯರೊಬ್ಬರಿಗೆ ಅದನ್ನು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಒಮ್ಮೆ ಹಿಡಿಯನ್ನು, ಒಮ್ಮೆ ನನ್ನನ್ನು ನೋಡಿದರು. "ಇದೇನು ಮಾಡಿಟ್ಟಿದ್ದೀಯ ಮಾರಾಯ? ನಿನ್ನಜ್ಜನ ಕೈಯನ್ನೇ ಮುಚ್ಚಿಬಿಟ್ಟೆಯಲ್ಲ!"

ಆ ಮಾತು ಮನಸ್ಸಿನಲ್ಲಿ ನಾಟಿತು. ಒಂದು ಗಾಳದ ಹಿಡಿಗೆ ಏನು ಹಚ್ಚಬೇಕು, ಏನು ಹಚ್ಚಬಾರದು ಎಂದು ಹುಡುಕುತ್ತಾ ಹೊರಟರೆ ದಾರಿ ಪೋರ್ಚುಗಲ್ಲಿನ ಕಾಡಿಗೂ, ಲಂಡನ್ನಿನ ಸೂಕ್ಷ್ಮದರ್ಶಕಕ್ಕೂ, ಕಲ್ಕತ್ತೆಯ ಬಿದಿರಿಗೂ ಹೋಯಿತು. ಕೊನೆಗೆ ನಮ್ಮ ಕಾವೇರಿಗೇ ಬಂದು ನಿಂತಿತು.

ತೊಗಟೆ ಕೊಟ್ಟೂ ಬದುಕುವ ಮರ

ಕಾರ್ಕ್ ಎಂಬುದನ್ನು ನಾವು ಬೂಚು ಎನ್ನುತ್ತೇವೆ, ಬಿರಟೆ ಎನ್ನುತ್ತೇವೆ, ನೀರಲ್ಲಿ ತೇಲುವಾಗ ಬೆಂಡು ಎನ್ನುತ್ತೇವೆ. ಅಸಲಿಗೆ ಅದೊಂದು ಮರದ ತೊಗಟೆ. ಓಕ್ ಜಾತಿಗೆ ಸೇರಿದ ಈ ಮರ ಮೆಡಿಟರೇನಿಯನ್ ಸಮುದ್ರದ ಪಶ್ಚಿಮ ಭಾಗದ ಸುತ್ತ ಬೆಳೆಯುತ್ತದೆ. ಪೋರ್ಚುಗಲ್, ಸ್ಪೇನ್, ಮೊರಾಕ್ಕೊ, ಅಲ್ಜೀರಿಯ, ಇಟಲಿಯ ಸಾರ್ಡೀನಿಯ ಇದರ ನೆಲೆಗಳು. ಜಗತ್ತಿನ ಕಾರ್ಕ್ ಉತ್ಪನ್ನದಲ್ಲಿ ಸುಮಾರು ಅರ್ಧದಷ್ಟು ಪೋರ್ಚುಗಲ್ ಒಂದರಿಂದಲೇ ಬರುತ್ತದೆ.

ಸಾಮಾನ್ಯವಾಗಿ ಮರದ ಸುತ್ತ ತೊಗಟೆ ಸುಲಿದರೆ ಮರ ಒಣಗಿ ಸಾಯುತ್ತದೆ. ಈ ಮರ ಹಾಗಲ್ಲ. ಹೊರಗಿನ ದಪ್ಪ ಪದರವನ್ನಷ್ಟೇ ತೆಗೆದು, ಒಳಗಿನ ಜೀವಪದರಕ್ಕೆ ಏಟು ಬೀಳದಂತೆ ನೋಡಿಕೊಂಡರೆ ಮತ್ತೆ ತೊಗಟೆ ಬೆಳೆಸಿಕೊಳ್ಳುತ್ತದೆ. ಮರಕ್ಕೆ ಸುಮಾರು 25 ವರ್ಷ ಆದ ಮೇಲೆ ಮೊದಲ ಸುಲಿತ. ಆಮೇಲೆ ಪೋರ್ಚುಗಲ್ಲಿನ ಕಾನೂನಿನಂತೆ ಒಂಬತ್ತು ವರ್ಷಕ್ಕೊಮ್ಮೆ. ಬೇಸಗೆಯಲ್ಲಿ, ಮೇ ತಿಂಗಳಿಂದ ಆಗಸ್ಟಿನೊಳಗೆ, ಕೊಡಲಿ ಹಿಡಿದ ನುರಿತ ಆಳುಗಳು ಈ ಕೆಲಸ ಮಾಡುತ್ತಾರೆ. ಏಟಿನ ಸದ್ದು ಕೇಳಿಯೇ ಕೊಡಲಿ ಎಷ್ಟು ಒಳಗೆ ಹೋಯಿತೆಂದು ತಿಳಿಯಬಲ್ಲ ಕೈಗಳು ಅವು. ಸುಲಿದ ಮರ ಕೆಂಪಗೆ, ಅಂಗಿ ಕಳಚಿದಂತೆ ನಿಲ್ಲುತ್ತದೆ. ಅದರ ಕಾಂಡದ ಮೇಲೆ ಆ ವರ್ಷದ ಕೊನೆಯ ಅಂಕಿಯನ್ನು ಬಣ್ಣದಲ್ಲಿ ಬರೆಯುತ್ತಾರೆ. ಇನ್ನು ಒಂಬತ್ತು ವರ್ಷ ಯಾರೂ ಮುಟ್ಟುವಂತಿಲ್ಲ!

ಮೊದಲ ಸುಲಿತದ ತೊಗಟೆ ಒರಟು. ಎರಡನೆಯದೂ ಅಷ್ಟಕ್ಕಷ್ಟೆ. ಸೀಸೆಯ ಬೂಚಿಗೆ ಯೋಗ್ಯವಾದ ನಯವಾದ ತೊಗಟೆ ಬರುವುದು ಮೂರನೆಯ ಸುಲಿತದಲ್ಲಿ. ಎಂದರೆ ಮರಕ್ಕೆ 43 ವರ್ಷ ಆದ ಮೇಲೆ. ಅಜ್ಜ ನೆಟ್ಟ ಮರದ ಒಳ್ಳೆಯ ತೊಗಟೆ ಮಗನಿಗೋ ಮೊಮ್ಮಗನಿಗೋ ದಕ್ಕುತ್ತದೆ. ಪೋರ್ಚುಗಲ್ಲಿನ ಆಗ್ವಾಸ್ ದ ಮೌರಾ ಎಂಬಲ್ಲಿ 1783ರಲ್ಲಿ ನೆಟ್ಟ ಮರವೊಂದು ಇಪ್ಪತ್ತಕ್ಕೂ ಹೆಚ್ಚು ಸಲ ತೊಗಟೆ ಕೊಟ್ಟಿದೆ. 2018ರಲ್ಲಿ ಅದು 'ಯುರೋಪಿನ ವರ್ಷದ ಮರ' ಎಂಬ ಗೌರವಕ್ಕೆ ಪಾತ್ರವಾಯಿತು. ಇಂಥ ಮರವನ್ನು ಅಪ್ಪಣೆ ಇಲ್ಲದೆ ಕಡಿಯುವುದು ಆ ದೇಶದಲ್ಲಿ ಅಪರಾಧ. 2011ರಲ್ಲಿ ಅಲ್ಲಿನ ಸಂಸತ್ತು ಇದನ್ನು ರಾಷ್ಟ್ರೀಯ ವೃಕ್ಷವೆಂದು ಸಾರಿತು.

ಅಂದಹಾಗೆ, ನಮ್ಮಲ್ಲೂ ಒಂದು ಬಿರಟೆ ಮರ ಇದೆ. ಬೆಂಗಳೂರಿನ ರಸ್ತೆಗಳಲ್ಲಿ ರಾತ್ರಿ ಅರಳಿ ಬೆಳಿಗ್ಗೆ ಬಿಳಿ ಹೂವಿನ ಹಾಸಿಗೆ ಹಾಸುವ ಆಕಾಶಮಲ್ಲಿಗೆಗೆ ಆ ಹೆಸರು. ಅದರ ತೊಗಟೆಯಿಂದಲೂ ಹಿಂದೆ ಬೂಚು ಮಾಡುತ್ತಿದ್ದುದುಂಟು. ಆದರೆ ಅದು ಕೆಳದರ್ಜೆಯದು. ಗಾಳದ ಹಿಡಿಗೆ ಬಂದದ್ದು ಓಕಿನ ತೊಗಟೆಯೇ.

ಹುಕ್ ಕಂಡ ಪುಟ್ಟ ಕೋಣೆಗಳು

ಶಾಲೆಯ ವಿಜ್ಞಾನ ಪಾಠದಲ್ಲಿ ಎಲ್ಲರೂ ಒಮ್ಮೆ ಓದಿರುತ್ತೇವೆ. ಇಂಗ್ಲೆಂಡಿನ ರಾಬರ್ಟ್ ಹುಕ್ ಹರಿತವಾದ ಚಾಕುವಿನಿಂದ ಬೂಚಿನ ತೆಳುವಾದ ಪದರವೊಂದನ್ನು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟ. ಜೇನುಗೂಡಿನಂತೆ ಸಾಲುಸಾಲು ಕೋಣೆಗಳು ಕಂಡವು. ಅವನ್ನು 'ಸೆಲ್' ಎಂದು ಕರೆದ. 1665ರಲ್ಲಿ ಪ್ರಕಟವಾದ 'ಮೈಕ್ರೋಗ್ರಾಫಿಯಾ' ಗ್ರಂಥದಲ್ಲಿ ಅದರ ಚಿತ್ರವನ್ನೂ ಕೊಟ್ಟ. ನಾವಿಂದು ಜೀವಕೋಶ ಎನ್ನುವ ಮಾತಿನ ಮೂಲ ಇದು. ಒಂದು ಘನ ಅಂಗುಲ ಬೂಚಿನಲ್ಲಿ 125 ಕೋಟಿಗೂ ಹೆಚ್ಚು ಕೋಣೆಗಳಿರಬೇಕೆಂದು ಆತ ಲೆಕ್ಕ ಹಾಕಿದ್ದ.

ಆ ಕೋಣೆಗಳೇ ಈ ತೊಗಟೆಯ ಗುಟ್ಟು. ಪ್ರತಿ ಕೋಣೆಯೂ ಮುಚ್ಚಿದ ಪೆಟ್ಟಿಗೆ, ಒಳಗೆ ಗಾಳಿ. ಆದ್ದರಿಂದ ಬೂಚು ಹಗುರ, ಒತ್ತಿದರೆ ತಗ್ಗಿ ಬಿಟ್ಟರೆ ಮತ್ತೆ ಮೇಲೇಳುತ್ತದೆ. ಶಾಖ ಸುಲಭವಾಗಿ ದಾಟುವುದಿಲ್ಲ. ಚಳಿಯ ಬೆಳಗಿನಲ್ಲೂ ಹಿಡಿ ಕೈಗೆ ಬೆಚ್ಚಗಿರುತ್ತದೆ. ಕೋಣೆಯ ಗೋಡೆಗಳಲ್ಲಿ ಸುಬೆರಿನ್ ಎಂಬ ಮೇಣದಂಥ ವಸ್ತು ಇದೆ. ಅದು ನೀರನ್ನು ಒಳಬಿಡುವುದಿಲ್ಲ.

ಅಂದರೆ ಬೂಚು ತಾನೇ ಒಂದು ಮುಚ್ಚಳ. ರೋಮನ್ನರ ಕಾಲದಿಂದ ಜನ ಇದನ್ನು ಬಲ್ಲರು. ಕ್ರಿ.ಶ. ಒಂದನೆಯ ಶತಮಾನದ ಪ್ಲಿನಿ ತನ್ನ ನಿಸರ್ಗ ಚರಿತ್ರೆಯಲ್ಲಿ ಪಾತ್ರೆಯ ಬಾಯಿಗೆ, ಮೀನಿನ ಬಲೆಗೆ ಕಟ್ಟಲು, ಹೆಂಗಸರ ಚಳಿಗಾಲದ ಪಾದರಕ್ಷೆಗೆ ಈ ತೊಗಟೆಯನ್ನು ಬಳಸುತ್ತಿದ್ದುದನ್ನು ಬರೆದಿದ್ದಾನೆ. ಜಗತ್ತಿನ ಸೀಸೆಗಳನ್ನೆಲ್ಲ ಮುಚ್ಚಲು ಬಳಸಿದ ವಸ್ತುವನ್ನೇ ನಾನು ವಾರ್ನಿಷ್ ಹಾಕಿ ಮುಚ್ಚಲು ಹೋದದ್ದು!

ಹಾಗಾದರೆ ಅಜ್ಜನ ಹಿಡಿ ಕರ್ರಗಾದದ್ದು ಹೇಗೆ? ಎರಡು ಕಾರಣ. ಬೂಚನ್ನು ಕತ್ತರಿಸಿ ತಿದ್ದುವಾಗ ಮೇಲಿನ ಕೋಣೆಗಳು ಒಡೆದು ಬಾಯಿ ತೆರೆಯುತ್ತವೆ. ಆ ಪುಟ್ಟ ಬಟ್ಟಲುಗಳಲ್ಲಿ ಬೆವರು, ಮಣ್ಣು ಕೂರುತ್ತದೆ. ಎರಡನೆಯದಾಗಿ, ಮರ ಉಸಿರಾಡಲೆಂದು ತೊಗಟೆಯಲ್ಲಿ ಒಳಗಿನಿಂದ ಹೊರಗೆ ಸಣ್ಣ ಕೊಳವೆಗಳಿರುತ್ತವೆ. ಅವುಗಳ ತುಂಬ ಕಂದು ಪುಡಿ. ಆ ಪುಡಿ ಉದುರಿದಾಗ ತೂತು ಉಳಿಯುತ್ತದೆ. ಸೀಸೆಯ ಬೂಚು ಕೊರೆಯುವವರು ಇದನ್ನು ಬಲ್ಲರು. ಈ ಕೊಳವೆಗಳು ಬೂಚಿಗೆ ಅಡ್ಡವಾಗಿ ಬರುವಂತೆ ಕೊರೆಯುತ್ತಾರೆ. ಉದ್ದಕ್ಕೆ ಬಂದರೆ ದ್ರಾಕ್ಷಾರಸ ಸೋರುತ್ತದೆ. ಗಾಳದ ಹಿಡಿಯಲ್ಲಿ ಸೋರುವ ಮಾತಿಲ್ಲ. ಆದರೆ ತೂತು ತೂತೇ. ಹಿಡಿಯ ಆರೈಕೆಯ ಕಥೆಯೆಲ್ಲ ಈ ತೂತುಗಳ ಸುತ್ತ ಸುತ್ತುತ್ತದೆ.

ಬೆಂಡಾಗಿ ಬಂದು ಹಿಡಿಯಾದದ್ದು

ಗಾಳಕ್ಕೆ ಬೂಚು ಮೊದಲು ಬಂದದ್ದು ಹಿಡಿಯಾಗಿ ಅಲ್ಲ, ಬೆಂಡಾಗಿ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ, ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿಯ ಹೆಸರಿನಲ್ಲಿ ಪ್ರಸಿದ್ಧವಾದ ಗಾಳದ ಕೈಪಿಡಿಯಲ್ಲಿ, ಹೆಚ್ಚು ತೂತಿಲ್ಲದ ಒಳ್ಳೆಯ ಬೂಚನ್ನು ಆರಿಸಿ, ಕಾದ ಕಬ್ಬಿಣದಿಂದ ಕೊರೆದು, ಹಕ್ಕಿಯ ಗರಿ ಸಿಕ್ಕಿಸಿ ಬೆಂಡು ಮಾಡುವ ಕ್ರಮ ಇದೆ. ತೂತಿಲ್ಲದ್ದನ್ನು ಆರಿಸು ಎಂಬ ಬುದ್ಧಿಮಾತು ಆಗಲೇ ಇತ್ತು ಎಂಬುದು ಗಮನಿಸಬೇಕಾದ ಸಂಗತಿ.

ಆ ಕಾಲದ ಕೋಲುಗಳಿಗೆ ಪ್ರತ್ಯೇಕ ಹಿಡಿ ಇರುತ್ತಿರಲಿಲ್ಲ. ಮರದ ಕೋಲಿನ ಬುಡವೇ ಹಿಡಿ. 19ನೆಯ ಶತಮಾನದಲ್ಲಿ ಕೋಲುಗಳು ತೆಳ್ಳಗೆ, ಹಗುರವಾಗುತ್ತ ಬಂದಾಗ ಕೈಗೆ ಹಿಡಿತ ಸಾಲದಾಯಿತು. ಕೆಲವರು ಮರದ ಹಿಡಿಗೆ ದಾರ ಸುತ್ತಿದರು. ಅಮೆರಿಕದವರು ಬೆತ್ತದ ಸೀಳು ಸುತ್ತಿದರು. ಬೆತ್ತ ನೋಡಲು ಚೆಂದ, ಒದ್ದೆಯಾದರೆ ಜಾರುತ್ತದೆ. ಆ ಶತಮಾನದ ಕೊನೆಯ ಹೊತ್ತಿಗೆ ಬೂಚು ಗೆದ್ದಿತು. ಅದು ಒದ್ದೆ ಕೈಗೂ ಕಚ್ಚಿಕೊಳ್ಳುತ್ತದೆ, ಭಾರ ಸೇರಿಸುವುದಿಲ್ಲ, ಮೀನು ದಾರ ತಾಕಿದ ಸಣ್ಣ ನಡುಕವನ್ನೂ ಅಂಗೈಗೆ ಮುಟ್ಟಿಸುತ್ತದೆ.

ಹಿಡಿ ಮಾಡುವ ಕ್ರಮ ಅಂದಿನಿಂದ ಇಂದಿಗೆ ಹೆಚ್ಚು ಬದಲಾಗಿಲ್ಲ. ಅರ್ಧ ಅಂಗುಲ ದಪ್ಪದ ಬೂಚಿನ ಬಿಲ್ಲೆಗಳು, ನಡುವೆ ತೂತು. ಹತ್ತು ಹನ್ನೆರಡು ಬಿಲ್ಲೆಗಳಿಗೆ ಅಂಟು ಸವರಿ, ನಮ್ಮಲ್ಲಿ ಸರಕ್ಕೆ ಮಣಿ ಪೋಣಿಸುವಂತೆ ಕೋಲಿಗೆ ಪೋಣಿಸಿ, ಬಿಗಿದು ಒಣಗಿಸುತ್ತಾರೆ. ಆಮೇಲೆ ಲೇತಿಗೆ ಹಾಕಿ ತಿರುಗಿಸುತ್ತ ಉಪ್ಪುಕಾಗದದಿಂದ ಆಕಾರಕ್ಕೆ ತರುತ್ತಾರೆ. ಚುಟ್ಟದಂತೆ ಎರಡೂ ಕಡೆ ಸಪೂರವಾದದ್ದು ಒಂದು ಬಗೆ. ನಡು ಉಬ್ಬಿ ಎರಡೂ ತುದಿ ಅಗಲವಾದದ್ದಕ್ಕೆ 'ವೆಲ್ಸ್ ಹಿಡಿ' ಎಂದು ಹೆಸರು. 1885ರಲ್ಲಿ ಗಾಳದ ಕೋಲುಗಳ ಬಗ್ಗೆ ಪುಸ್ತಕ ಬರೆದ ಅಮೆರಿಕದ ಹೆನ್ರಿ ವೆಲ್ಸ್ ಅವರ ಹೆಸರು ಅದು.

ಕಲ್ಕತ್ತಾ ಬಿದಿರಿನ ನಂಟು

ಬೂಚಿನ ಹಿಡಿ ಹತ್ತಿ ಕೂತ ಕೋಲಿನ ಚರಿತ್ರೆಯಲ್ಲಿ ಭಾರತದ ಪಾಲೂ ಇದೆ. 1840ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ಈಸ್ಟನ್ ಊರಿನ ಬಂದೂಕು ಕಸುಬುದಾರ ಸ್ಯಾಮುಯೆಲ್ ಫಿಲಿಪ್ ಬಿದಿರನ್ನು ಸೀಳಿ, ಸೀಳುಗಳನ್ನು ಮತ್ತೆ ಅಂಟಿಸಿ ಕೋಲು ಮಾಡಿದ. 1870ರ ದಶಕದಲ್ಲಿ ಮೇನ್ ಪ್ರಾಂತದ ಹೈರಮ್ ಲೆನಾರ್ಡ್ ಆರು ಸೀಳಿನ ಕೋಲುಗಳನ್ನು ಯಂತ್ರದ ನೆರವಿನಿಂದ ಮಾಡಿ ಹೆಸರಾದ. ಇವರೆಲ್ಲ ಬಳಸಿದ ಬಿದಿರಿಗೆ ವ್ಯಾಪಾರದಲ್ಲಿ 'ಕಲ್ಕತ್ತಾ ಕೇನ್' ಎಂಬ ಹೆಸರು. ಭಾರತದಿಂದ ಹಡಗೇರಿ ಹೋದ ಮಾಲು. ಮೈಮೇಲೆ ಬೆಂಕಿಯ ಸುಟ್ಟ ಕಲೆಗಳಿರುತ್ತಿದ್ದವು. 20ನೆಯ ಶತಮಾನದ ಆರಂಭದಲ್ಲಿ ಚೀನಾದ ನೇರವಾದ, ಗಟ್ಟಿ ನಾರಿನ 'ಟಾಂಕಿನ್' ಬಿದಿರು ಅದರ ಜಾಗ ಹಿಡಿಯಿತು. 1950ರಲ್ಲಿ ಅಮೆರಿಕ ಚೀನಾದ ಮಾಲಿಗೆ ನಿರ್ಬಂಧ ಹೇರಿದಾಗ ಟಾಂಕಿನ್ ಬಿದಿರೂ ನಿಂತು, ಗಾಜಿನ ನಾರಿನ ಕೋಲುಗಳಿಗೆ ದಾರಿಯಾಯಿತು. 1970ರ ದಶಕದಲ್ಲಿ ಕಾರ್ಬನ್ ನಾರಿನ ಕೋಲು ಬಂತು.

ಮರ ಹೋಗಿ ಬಿದಿರು, ಬಿದಿರು ಹೋಗಿ ಗಾಜು, ಗಾಜು ಹೋಗಿ ಕಾರ್ಬನ್. ಇಷ್ಟೆಲ್ಲ ಬದಲಾದರೂ ಹಿಡಿಯಲ್ಲಿ ಮಾತ್ರ ಬೂಚು ಉಳಿಯಿತು. ಸ್ಪಂಜಿನಂಥ ಪ್ಲಾಸ್ಟಿಕ್ ನೊರೆಯ ಹಿಡಿಗಳು ಬಂದಿವೆ, ಅಗ್ಗವೂ ಹೌದು. ಆದರೂ ಬೂಚಿನ ಹಿಡಿಗೆ ಬೇಡಿಕೆ ಹೋಗಿಲ್ಲ.

ಒಳ್ಳೆಯ ತೊಗಟೆ ಯಾರ ಪಾಲು?

ಹಳೆಯ ಕೋಲುಗಳ ಹಿಡಿ ನೋಡಿದರೆ ತೂತು ಹುಡುಕಬೇಕು. ಈಗಿನ ಅಗ್ಗದ ಕೋಲಿನ ಹಿಡಿಯಲ್ಲಿ ತೂತಿನ ನಡುವೆ ಬೂಚು ಹುಡುಕಬೇಕು! ಕಾರಣ ಸರಳ. ಕಾರ್ಕ್ ಉದ್ಯಮದ ಆದಾಯದಲ್ಲಿ ಬಹುಪಾಲು ಬರುವುದು ದ್ರಾಕ್ಷಾರಸದ ಸೀಸೆಗಳ ಬೂಚಿನಿಂದ. ಅತ್ಯುತ್ತಮ ತೊಗಟೆ ಮೊದಲು ಅಲ್ಲಿಗೆ ಹೋಗುತ್ತದೆ. ಮರವೋ ಒಂಬತ್ತು ವರ್ಷಕ್ಕೊಮ್ಮೆ ಕೊಡುವುದು. ಬೇಡಿಕೆ ಬಂತೆಂದು ಅವಸರ ಮಾಡುವ ಜೀವ ಅದಲ್ಲ. ಹೀಗಾಗಿ ಗಾಳದ ಹಿಡಿಗೆ ಉಳಿದದ್ದರಲ್ಲಿ ಆರಿಸಿಕೊಳ್ಳಬೇಕು.

ತಯಾರಕರು ಇದಕ್ಕೆ ಉಪಾಯ ಕಂಡುಕೊಂಡರು. ಬೂಚಿನ ಪುಡಿಗೆ ಅಂಟು ಕಲಸಿ ತೂತುಗಳಿಗೆ ಮೆತ್ತಿ, ಉಜ್ಜಿ ನಯ ಮಾಡಿದರು. ಅಂಗಡಿಯಲ್ಲಿ ನೋಡಲು ಹಿಡಿ ಬೆಣ್ಣೆಯಂತಿರುತ್ತದೆ. ನಾಲ್ಕು ಸಲ ನದಿಗೆ ಹೋಗಿ ಬಂದರೆ ಮೆತ್ತಿದ್ದು ಉದುರಿ ಹಿಡಿ ಸಿಡುಬು ಬಂದ ಮುಖದಂತಾಗುತ್ತದೆ. ಹಿಡಿಗೆ ಮೇಲೆ ಏನಾದರೂ ಹಚ್ಚಿ 'ಮುಚ್ಚುವ' ಮಾತು ಇಷ್ಟೊಂದು ಮುಖ್ಯವಾಗಲು ಇದೇ ದೊಡ್ಡ ಕಾರಣ. ಮುಚ್ಚಬೇಕಾಗಿ ಬಂದದ್ದು ಬೂಚನ್ನಲ್ಲ, ಬೂಚಿನ ಕೊರತೆಯನ್ನು.

ಇನ್ನೊಂದು ವಿಪರ್ಯಾಸವೂ ಉಂಟು. 1990ರ ದಶಕದಿಂದ ಪ್ಲಾಸ್ಟಿಕ್ ಬೂಚು, ತಿರುಪಿನ ಮುಚ್ಚಳ ಹೆಚ್ಚಾದವು. ಬೂಚಿನ ಕಮಟು ದ್ರಾಕ್ಷಾರಸಕ್ಕೆ ಹತ್ತುತ್ತದೆ ಎಂಬ ದೂರು ಅದಕ್ಕೆ ನೆಪ. ಬೂಚಿಗೆ ಬೆಲೆ ಬಿದ್ದರೆ ಮರ ಸಾಕುವವರಾರು, ಕಾಡು ಉಳಿಯುವುದು ಹೇಗೆ ಎಂದು 2006ರಲ್ಲಿ ವಿಶ್ವ ವನ್ಯಜೀವಿ ನಿಧಿಯ ವರದಿ ಎಚ್ಚರಿಸಿತು. ಮರದಿಂದ ತೊಗಟೆ ತೆಗೆದುಕೊಳ್ಳುವವರು ಇದ್ದರೆ ಮಾತ್ರ ಮರಕ್ಕೆ ಉಳಿವು. ವಿಚಿತ್ರವೆನಿಸಿದರೂ ಸತ್ಯ.

ಮುಚ್ಚಬೇಕೆ, ಬಿಡಬೇಕೆ?

ಗಾಳಗಾರರಲ್ಲಿ ಇದೊಂದು ಮುಗಿಯದ ಜಗಳ. ಬೂಚು ಬೆತ್ತಲೆ ಇರಬೇಕು, ಅದರ ಹಿಡಿತವೇ ಅದರ ಗುಣ ಎನ್ನುವವರು ಒಂದು ಕಡೆ. ಏನಾದರೂ ಹಚ್ಚದಿದ್ದರೆ ಕೊಳೆ ಕುಡಿಯುತ್ತದೆ, ಮೆತ್ತಿದ್ದು ಉದುರುತ್ತದೆ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಹುರುಳಿದೆ.

ನಾನು ಹಚ್ಚಿದ ಬಾಗಿಲಿನ ವಾರ್ನಿಷ್ ಮಾತ್ರ ಎರಡೂ ಪಕ್ಷಕ್ಕೆ ಸಲ್ಲದ್ದು. ವಾರ್ನಿಷ್ ಒಣಗಿದರೆ ಗಟ್ಟಿ ಹಾಳೆ. ಬೂಚು ಒತ್ತಿದಾಗ ತಗ್ಗುವ ವಸ್ತು. ತಳ ಮೆತ್ತಗೆ, ಮೇಲಿನದು ಗಡುಸು. ಹಿಡಿ ಹಿಸುಕಿದಾಗಲೆಲ್ಲ ಹಾಳೆ ಬಿರಿಯುತ್ತದೆ. ಬಿರುಕಿನಿಂದ ಒಳಗೆ ಹೋದ ನೀರು ಹೊರಬರಲಾರದೆ ಅಲ್ಲೇ ನಿಲ್ಲುತ್ತದೆ. ಕೊನೆಗೆ ಸಿಪ್ಪೆ ಏಳುತ್ತದೆ. ಅಲ್ಲದೆ ಒದ್ದೆಯಾದಾಗ ಸಾಬೂನಿನಂತೆ ಜಾರುತ್ತದೆ. ನಮ್ಮ ದೇಶದ ಅರಗಿನಿಂದ ಮಾಡುವ ಹಳೆಯ ಬಗೆಯ ಮೆರುಗೂ ನೀರಿಗೆ ಆಗದು. ತೇವ ತಗುಲಿದರೆ ಬೆಳ್ಳಗಾಗುತ್ತದೆ.

ಹಚ್ಚಲೇಬೇಕೆಂದರೆ ಮೇಲೆ ಕೂರುವಂಥದ್ದಲ್ಲ, ಒಳಗೆ ಇಳಿಯುವಂಥದ್ದು ಬೇಕು. ಬಂದೂಕಿನ ಮರದ ಹಿಡಿಗೆ ಹಚ್ಚುವ ಎಣ್ಣೆ, ಚೀನಾ ಮೂಲದ ಟಂಗ್ ಮರದ ಬೀಜದೆಣ್ಣೆ, ಬೂಚಿಗೆಂದೇ ತಯಾರಿಸಿದ ತೆಳುವಾದ ದ್ರಾವಣ, ಇವು ಬಳಕೆಯಲ್ಲಿರುವ ಪದಾರ್ಥಗಳು. ಕ್ರಮ ಒಂದೇ. ಬಟ್ಟೆಯ ತುದಿಗೆ ಒಂದಿಷ್ಟು ತೆಗೆದುಕೊಂಡು ಸವರಬೇಕು. ಹತ್ತು ನಿಮಿಷ ಬಿಟ್ಟು ಮೇಲೆ ನಿಂತದ್ದನ್ನೆಲ್ಲ ಒರೆಸಿಬಿಡಬೇಕು. ಹೊಳಪು ಕಂಡಿತೋ, ಹೆಚ್ಚಾಯಿತು ಎಂದೇ ಲೆಕ್ಕ. ಅಡುಗೆಯ ಎಣ್ಣೆ ಎಂದೂ ಬೇಡ. ಅದು ಒಣಗುವುದಿಲ್ಲ, ಕಮಟುತ್ತದೆ. ಅಗಸೆ ಎಣ್ಣೆ ಒಣಗುತ್ತದೆ ನಿಜ, ಆದರೆ ಬಣ್ಣ ಕಪ್ಪಾಗಿಸುತ್ತದೆ. ಒಂದು ಎಚ್ಚರಿಕೆಯ ಮಾತು: ಇಂಥ ಒಣಗುವ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಕಾದು ಬೆಂಕಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರಡಿ ಒಣಗಿಸಬೇಕು.

ಹಾಗಾದರೆ ಯಾವ ಹಿಡಿಗೆ ಯಾವುದು? ತೂತು ಕಡಿಮೆ ಇರುವ ಒಳ್ಳೆಯ ಬೂಚಾದರೆ ಏನೂ ಬೇಡ. ಮೆತ್ತು ತುಂಬಿದ ಹೊಸ ಹಿಡಿಯಾದರೆ ಮೊದಲ ಬಳಕೆಗೆ ಮುಂಚೆಯೇ ಒಂದು ತೆಳು ಕೈ ಸವರಿದರೆ ಮೆತ್ತು ಹೆಚ್ಚು ದಿನ ನಿಲ್ಲುತ್ತದೆ. ಹೊಸ ಕೋಲಿನ ಹಿಡಿಗೆ ಸುತ್ತಿ ಬರುವ ಪ್ಲಾಸ್ಟಿಕ್ ಹಾಳೆಯನ್ನು 'ಹೊಸದಾಗಿ ಇರಲಿ' ಎಂದು ಬಿಡುವವರಿದ್ದಾರೆ. ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಮೊದಲು ಅದನ್ನು ಕಿತ್ತೆಸೆಯಬೇಕು.

ತೊಳೆಯುವುದೇ ಅರ್ಧ ಆರೈಕೆ

ಹಿರಿಯರು ನನಗೆ ಹೇಳಿಕೊಟ್ಟದ್ದು ಇಷ್ಟೇ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೌಮ್ಯ ಸೋಪಿನ ನಾಲ್ಕು ಹನಿ, ಮೆತ್ತನೆಯ ಸ್ಪಂಜು. ಬಿಲ್ಲೆಗಳ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ತೊಳೆದು, ಬಟ್ಟೆಯಲ್ಲಿ ಒತ್ತಿ, ನೆರಳಿನಲ್ಲಿ ಎರಡು ದಿನ ಗಾಳಿಗೆ ಇಡುವುದು. ಬಿಸಿಲು, ಒಲೆಯ ಶಾಖ ಬೇಡ. ಪಾತ್ರೆ ತಿಕ್ಕುವ ಉಕ್ಕಿನ ನಾರು, ಬ್ಲೀಚಿಂಗ್ ಪುಡಿ ಮುಟ್ಟಲೇಬಾರದು.

ತೂತು ಬಿದ್ದಿದ್ದರೆ ಹಳೆಯ ಸೀಸೆಯ ಬೂಚನ್ನು ಉಪ್ಪುಕಾಗದಕ್ಕೆ ಉಜ್ಜಿ ಪುಡಿ ಮಾಡಿಕೊಳ್ಳಬೇಕು. ನೀರಿಗೆ ಬಿಡದ ಮರದ ಅಂಟಿನಲ್ಲಿ ಅದನ್ನು ಕಲಸಿ ತೂತಿಗೆ ಒತ್ತಿ, ಒಣಗಿದ ಮೇಲೆ ನಯವಾದ ಉಪ್ಪುಕಾಗದದಿಂದ ಹದವಾಗಿ ಉಜ್ಜಬೇಕು. ಅಂಟು ಹೆಚ್ಚಾದರೆ ಅದು ಬೂಚಿಗಿಂತ ಗಟ್ಟಿಯಾಗಿ, ದಿನ ಹೋದಂತೆ ಸುತ್ತಲಿನ ಬೂಚು ಸವೆದು ಗಂಟಿನಂತೆ ಎದ್ದು ನಿಲ್ಲುತ್ತದೆ. ಲೋಹದ ಭಾಗಗಳಿಗೆ ಮೊದಲೇ ಟೇಪು ಸುತ್ತಿಕೊಳ್ಳುವುದು ಒಳ್ಳೆಯದು. ಉಪ್ಪುಕಾಗದ ತಾಕಿದಾಗಲೆಲ್ಲ ಹಿಡಿಯ ಮೈ ಒಂದು ಪದರ ಹೋಗುತ್ತದೆ. ಹೋದದ್ದು ಮರಳಿ ಬಾರದು. ಆದ್ದರಿಂದ ವರ್ಷಕ್ಕೊಮ್ಮೆ ತಿಕ್ಕುವ ಚಟ ಬೇಡ.

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಎಲ್ಲಕ್ಕಿಂತ ದೊಡ್ಡ ವೈರಿ ಬೂಷ್ಟು. ಒದ್ದೆ ಕೋಲನ್ನು ಚೀಲಕ್ಕೆ, ಚೀಲವನ್ನು ಕೊಳವೆಗೆ ತುರುಕಿಟ್ಟರೆ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಬೂಚು ಕೆಡದಿದ್ದರೂ ಅದರ ಮೇಲಿನ ಕೊಳೆ ಬೂಷ್ಟಿಗೆ ಆಹಾರ. ಬಿಲ್ಲೆ ಕೂಡಿಸಿದ ಹಳೆಯ ಅಂಟೂ ಸಡಿಲವಾಗುತ್ತದೆ. "ಎಣ್ಣೆ ಹಚ್ಚುವ ಮೊದಲು ಒಣಗಿಸಲು ಕಲಿ," ಎಂಬುದು ಹಿರಿಯರ ಮಾತು. ನಮ್ಮ ಹೆಂಗಸರು ಉಪ್ಪಿನಕಾಯಿ ಜಾಡಿಯ ಬಗ್ಗೆ ಹೇಳುವುದೂ ಇದನ್ನೇ ಅಲ್ಲವೆ!

ಮಂಗಳೂರಿನಿಂದ ಕಾವೇರಿಗೆ

ಭಾರತದಲ್ಲಿ ಕೋಲು ಹಿಡಿದು ಗಾಳ ಹಾಕುವ ಈ ಇಂಗ್ಲಿಷ್ ಹವ್ಯಾಸಕ್ಕೆ ಮೊದಲ ದೊಡ್ಡ ಕೈಪಿಡಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ, 1873ರಲ್ಲಿ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಮದ್ರಾಸ್ ಸಿವಿಲ್ ಸರ್ವೀಸಿನ ಎಚ್.ಎಸ್. ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' ಅದು. ಆ ಪುಸ್ತಕದ ನಾಯಕ ಮಹಸೀರ್. ಕಾವೇರಿ ಸೀಮೆಯ ಜನ ಬಿಳಿಮೀನು ಎನ್ನುವ ದೈತ್ಯ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಗಾಳದಿಂದ ಹಿಡಿದ ಮಹಸೀರ್ 120 ಪೌಂಡ್ ತೂಗಿತ್ತು. ಇಂಥ ಮೀನು ಎಳೆದಾಗ ಗಾಳಗಾರನ ಜೀವವೆಲ್ಲ ಆ ಬೂಚಿನ ಹಿಡಿಯಲ್ಲಿರುತ್ತದೆ. ಗಂಟೆಗಟ್ಟಲೆ ಹಿಡಿದ ಕೈ ತನ್ನ ಗುರುತನ್ನು ಅಲ್ಲಿ ಬಿಡದಿರುವುದೆ?

ಕಾಲ ಬದಲಾಯಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯ ಶಿಬಿರಗಳಿಗೆ ದೇಶವಿದೇಶದ ಗಾಳಗಾರರು ಬಂದು, ರಾಗಿಮುದ್ದೆಯ ಉಂಡೆ ಕಟ್ಟಿ, ಮೀನು ಹಿಡಿದು, ತೂಗಿ, ಮತ್ತೆ ನೀರಿಗೇ ಬಿಡುತ್ತಿದ್ದರು. ಕಾವೇರಿ ವನ್ಯಜೀವಿಧಾಮ 1987ರಲ್ಲಿ ಸ್ಥಾಪನೆಯಾಯಿತು. ವನ್ಯಜೀವಿ ಕಾನೂನಿನ ಬಿಗಿಯಿಂದಾಗಿ 2010ರ ದಶಕದ ಆರಂಭದಲ್ಲಿ ಅಲ್ಲಿ ಗಾಳ ನಿಂತಿತು. ಆ ಶಿಬಿರದವರು 1998ರಿಂದ 2012ರವರೆಗೆ ಬರೆದಿಟ್ಟ ಮೀನಿನ ಲೆಕ್ಕದ ಪುಸ್ತಕಗಳೇ ಮುಂದೆ ವಿಜ್ಞಾನಿಗಳಿಗೆ ಆಧಾರವಾದವು. ಕಾವೇರಿಯ ಮೂಲ ಡುಬ್ಬದ ಮಹಸೀರ್ ಅಳಿವಿನ ಅಂಚಿಗೆ ಬಂದಿದೆ ಎಂದು ಗೊತ್ತಾದದ್ದು ಹೀಗೆ. 2018ರಲ್ಲಿ ಅದಕ್ಕೆ 'ಟಾರ್ ರೆಮಾದೇವಿ' ಎಂಬ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಯಿತು. ಅದೇ ವರ್ಷ ಅದು 'ಅತಿ ಗಂಡಾಂತರದಲ್ಲಿರುವ' ಜೀವಿಗಳ ಪಟ್ಟಿಗೂ ಸೇರಿತು.

ಅಜ್ಜನ ಕಾಲದಲ್ಲಿ ತೂಕ ಬರೆದವರು ಕಡಿಮೆ. ಅವರು ಎಷ್ಟು ಮೀನು ಹಿಡಿದರು, ಎಷ್ಟು ಬಿಟ್ಟರು ನನಗೆ ಗೊತ್ತಿಲ್ಲ. ಮನೆಯಲ್ಲಿ ಒಂದು ಫೋಟೊ ಕೂಡ ಇಲ್ಲ. ಇರುವ ದಾಖಲೆ ಎಂದರೆ ಆ ಹಿಡಿಯೊಂದೇ.

ಆರು ಭಾನುವಾರ ಹಿಡಿಯಿತು ವಾರ್ನಿಷ್ ಬಿಡಿಸಲು. ತಿನ್ನರ್ ಹಾಕಿದರೆ ಹಳೆಯ ಅಂಟೂ ಕರಗೀತು ಎಂದು ಹಿರಿಯರು ಹೆದರಿಸಿದ್ದರು. ಅತಿ ನಯವಾದ ಉಪ್ಪುಕಾಗದವನ್ನು ಬೆರಳಿಗೆ ಸುತ್ತಿಕೊಂಡು ಸಿಪ್ಪೆಯನ್ನಷ್ಟೇ ಎಬ್ಬಿಸುತ್ತ ಬಂದೆ. ಕೆಲವು ಕಡೆ ಕಪ್ಪೂ ಹೋಗಿ ಬೂಚಿನ ತಿಳಿ ಕಂದು ಕಂಡಿತು. ಅಲ್ಲಿ ನನ್ನ ತಪ್ಪಿನ ಗುರುತು ಉಳಿಯಿತು. ಹೆಬ್ಬೆರಳಿನ ತಗ್ಗಿನ ಹತ್ತಿರ ಬಂದಾಗ ಕಾಗದ ಕೆಳಗಿಟ್ಟೆ. ಅಲ್ಲಿನ ವಾರ್ನಿಷ್ಷನ್ನು ಉಗುರಿನಿಂದಲೇ ಚೂರುಚೂರಾಗಿ ಎಬ್ಬಿಸಿದೆ. ತಗ್ಗು ಹಾಗೇ ಇತ್ತು.

ಮೇಲೆ ಏನು ಹಚ್ಚಲಿ ಎಂದು ಕೇಳಿದೆ. ಹಿರಿಯರು ಹಿಡಿಯನ್ನು ಅಂಗೈಯಲ್ಲಿ ತೂಗಿ ನೋಡಿದರು. ಅವರ ಹೆಬ್ಬೆರಳು ಅಜ್ಜನ ತಗ್ಗಿನಲ್ಲಿ ಸರಿಯಾಗಿ ಕೂರಲಿಲ್ಲ. ಒಂದಿಷ್ಟು ಆಚೆ ಬಂತು. ನಕ್ಕು ನನ್ನ ಕೈಗೆ ಕೊಟ್ಟರು.

"ಏನೂ ಬೇಡ. ವರ್ಷಕ್ಕೆರಡು ಸಲ ತೊಳೆದು ಒಣಗಿಸು. ಆಗಾಗ ಹಿಡಿದುಕೋ, ಸಾಕು."